ಮದ್ದು ಹೊಡೆಯುವ ಮೊದಲು ತ್ಸುಷಿಮಾಕ್ಕೆ

ಹೋಗಿ ಬನ್ನಿ: ಪ್ರವಾಸದ ಬಗ್ಗೆ ಓದುಗರ ಪ್ರಶ್ನೆ, ಶಿವಮೊಗ್ಗದಿಂದ ನಮ್ಮ ಅಂಕಣಗಾರ್ತಿಯ ಉತ್ತರ

ಪ್ರಶ್ನೆ: ಅಕ್ಕಾ, ನಮ್ಮದು ತೀರ್ಥಹಳ್ಳಿ ಕಡೆ ಹಳ್ಳಿ. ಅಡಿಕೆ ತೋಟ ಇದೆ, ಜೊತೆಗೆ ಮನೆಯಿಂದಲೇ ಒಂದು ಕಂಪ್ಯೂಟರ್ ಕೆಲಸ. 'ಘೋಸ್ಟ್ ಆಫ್ ತ್ಸುಷಿಮಾ' ಗೇಮನ್ನು ಮುಗಿಸಿ, ಮತ್ತೆ ಮೊದಲಿಂದ ಆಡುತ್ತಾ ಕೂತವನು ನಾನು. ಆ ದ್ವೀಪ ನಿಜವಾಗಿಯೂ ಜಪಾನಿನಲ್ಲಿದೆ ಎಂದು ತಿಳಿದಾಗಿನಿಂದ ಹೋಗಿ ನೋಡುವ ಆಸೆ ಹತ್ತಿದೆ. ಅಪ್ಪ ಮಾತ್ರ "ಗೇಮ್ ನೋಡೋಕೆ ಲಕ್ಷ ಸುರಿಯೋದಾ? ಅದೇ ಟಿವಿಯಲ್ಲಿ ಕಾಣ್ತದಲ್ಲ" ಅಂತಾರೆ. ಗೇಮಿನಲ್ಲಿ ಕಂಡದ್ದು ಅಲ್ಲಿ ಎಷ್ಟು ಸಿಗುತ್ತದೆ? ಹೋಗುವುದು ಹೇಗೆ, ಯಾವಾಗ? ನಾನು ಸಸ್ಯಾಹಾರಿ ಬೇರೆ.
— ಎಸ್., ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೊದಲು ನಿಮ್ಮ ತಂದೆಯವರ ಪ್ರಶ್ನೆ ತಗೊಳ್ಳೋಣ, ತಮ್ಮಾ. ಲಕ್ಷ ಸುರಿಯುವುದು ಅವರ ಮಂಡಿ ಖಾತೆಯಿಂದಲೇ ಇರಬೇಕು ಎಂದು ನನಗೆ ಗುಮಾನಿ. ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಟಿವಿಯಲ್ಲಿ ಕಂಡದ್ದನ್ನೇ ಕಾಣಬೇಕು ಎಂದು ಹೊರಟರೆ ಹಡಗು ಇಳಿದ ಅರ್ಧ ಗಂಟೆಗೇ ನಿರಾಸೆ ಶುರುವಾಗುತ್ತದೆ. ಅಲ್ಲಿ ಬಿಳಿ ಹುಲ್ಲಿನ ಬಯಲಿಲ್ಲ, ಬಂಗಾರದ ಎಲೆ ಉದುರಿಸುವ ಗುಡಿಯಿಲ್ಲ, ಉತ್ತರಕ್ಕೆ ಹೋದಷ್ಟೂ ಮಂಡಿಯುದ್ದ ಹಿಮವೂ ಇಲ್ಲ. ದ್ವೀಪದ ಪಕ್ಕ ಬೆಚ್ಚಗಿನ ಕಡಲ ಪ್ರವಾಹ ಹರಿಯುವುದರಿಂದ ಅಲ್ಲಿ ಹಿಮ ಬೀಳುವುದೇ ಅಪರೂಪ. ಕುದುರೆ ನಾಗಾಲೋಟಕ್ಕೆ ಬಿಡುವಷ್ಟು ಸಪಾಟು ಜಾಗ ಬೇಕೆಂದರೆ ಶಾಲೆ ಮೈದಾನವನ್ನೇ ಹುಡುಕಬೇಕಾದೀತು. ಉದ್ದ ಸುಮಾರು 82 ಕಿಲೋಮೀಟರ್, ಅಗಲ 18 ಕಿಲೋಮೀಟರ್. ಅದರಲ್ಲಿ ಹೆಚ್ಚುಕಮ್ಮಿ ನೂರಕ್ಕೆ ತೊಂಬತ್ತು ಪಾಲು ಕಾಡು. ಕಾಡೆಂದರೆ ಗುಡ್ಡದ ಕಾಡು, ನೇರ ಕಡಲಿಗೇ ಇಳಿಯುವಂಥದ್ದು. ನಿಮ್ಮ ನಾಯಕ ಜಿನ್ ಸಕಾಯಿ, ಆ ಖೋತುನ್ ಖಾನ್ ಇಬ್ಬರೂ ಗೇಮಿನವರು ಹುಟ್ಟಿಸಿದ ಪಾತ್ರಗಳು. ಗೇಮ್ ಮಾಡಿದ್ದು ಅಮೆರಿಕದ ಸಕ್ಕರ್ ಪಂಚ್ ಸಂಸ್ಥೆ, 2020ರ ಜುಲೈಯಲ್ಲಿ ಬಂತು. ಅವರಿಗೆ ಬೇಕಾಗಿದ್ದು ಜಪಾನಿನ ಅಂದವೆಲ್ಲ ಒಂದೇ ದ್ವೀಪದಲ್ಲಿ ಸಿಗುವ ಹಾಗೆ ಮಾಡುವುದು. ಅದನ್ನು ಚೆನ್ನಾಗಿಯೇ ಮಾಡಿದ್ದಾರೆ.

ಹಾಗಾದರೆ ಹೋಗುವುದೇಕೆ? ಗೇಮಿನವರು ಬಿಟ್ಟದ್ದೇ ಅಲ್ಲಿ ನೋಡಬೇಕಾದ್ದು, ಅದಕ್ಕೆ. ಜಪಾನಿನ ಫುಕುವೋಕಾ ನಗರದಲ್ಲಿ ಕೆಲಸಕ್ಕಿದ್ದಾಗ ರಜೆ ಸಿಕ್ಕರೆ ಸಾಕು, ನಾನು ಆ ಕಡೆ ಹಡಗು ಹತ್ತುತ್ತಿದ್ದೆ. ಗೇಮ್ ಆಡಿದ್ದರಿಂದ ಊರುಗಳ ಹೆಸರು ಮೊದಲೇ ಬಾಯಿಗೆ ಬಂದಿದ್ದವು; ಇಝುಹಾರಾ, ತೊಯೊತಾಮಾ, ಕಾಮಿಅಗಾತಾ ಎಂದು ಗೇಮಿನ ನಕ್ಷೆಯ ಮೂರು ಭಾಗಗಳಿಗೆ ಇಟ್ಟದ್ದು ಅಲ್ಲಿನ ನಿಜವಾದ ಹೆಸರುಗಳನ್ನೇ. ಅಷ್ಟು ಸಾಕು ದಾರಿಗೆ. ಉಳಿದದ್ದನ್ನು ಮರೆತು ನೋಡಿ.

ಕೊಮೊದಾ ಕಡಲತೀರಕ್ಕೆ ಮಾತ್ರ ಗೇಮನ್ನು ನೆನಪಿಟ್ಟುಕೊಂಡೇ ಹೋಗಬಹುದು. ಕಥೆ ಶುರುವಾಗುವುದೇ ಅಲ್ಲಿ, 80 ಮಂದಿ ಸಮುರಾಯಿಗಳು ಮಂಗೋಲರ ಎದುರು ಕುದುರೆ ಬಿಡುವಲ್ಲಿ. ಆ 80 ಗೇಮಿನವರು ಹೊಸೆದ ಲೆಕ್ಕ ಅಲ್ಲ. 1274ರಲ್ಲಿ ಕುಬ್ಲಾಯ್ ಖಾನನ ಪಡೆ ಈ ಕಡೆ ಇಳಿದಾಗ ದ್ವೀಪದ ಮುಖಂಡ ಸೋ ಸುಕೆಕುನಿ ಸುಮಾರು 80 ಸವಾರರನ್ನು ಕಟ್ಟಿಕೊಂಡು ಬಂದು ಇಲ್ಲೇ ಮಡಿದ ಎಂದು ಜಪಾನಿನ ಹಳೆಯ ವೃತ್ತಾಂತಗಳು ಹೇಳುತ್ತವೆ. ಅವನ ತಲೆಗೊಂದು, ಮುಂಡಕ್ಕೊಂದು ಬೇರೆ ಬೇರೆ ಸಮಾಧಿ ಗುಡ್ಡೆಗಳಿವೆ. ತೀರ ಮಾತ್ರ ಚಿಕ್ಕದು. ಗೇಮಿನಲ್ಲಿ ಸಾವಿರಾರು ಜನ ಹಿಡಿಯುವ ಮರಳದಂಡೆ ಕಂಡವರಿಗೆ "ಇಷ್ಟೇನಾ?" ಅನ್ನಿಸುತ್ತದೆ. ನನಗೆ ಅದೇ ಹಿಡಿಸಿದ್ದು. ಇಷ್ಟು ಸಣ್ಣ ಕೊಲ್ಲಿಗೆ ಅಷ್ಟು ಹಡಗು ಬಂದಾಗ ದಂಡೆ ಮೇಲೆ ನಿಂತವನಿಗೆ ಏನೆನಿಸಿರಬೇಕು ಎಂಬುದು ದೊಡ್ಡ ಪರದೆಯಲ್ಲಿ ಗೊತ್ತಾಗುವುದಿಲ್ಲ. ಪಕ್ಕದಲ್ಲೇ ಕೊಮೊದಾಹಾಮಾ ದೇವಸ್ಥಾನ. ನವೆಂಬರಿನ ಜಾತ್ರೆಯಲ್ಲಿ ಕವಚ ತೊಟ್ಟವರು ಮೆರವಣಿಗೆ ಬಂದು, ಬಾಣವಿಲ್ಲದ ಬಿಲ್ಲಿನ ಹೆದೆಯನ್ನು ಕಡಲ ಕಡೆಗೆ ಮೀಟುತ್ತಾರೆ.

ಎರಡನೆಯದು ಕಾನೆದಾ ಕೋಟೆ. ಗೇಮಿನಲ್ಲಿ ಜಿನ್ ತನ್ನ ಸೋದರಮಾವನನ್ನು ಬಿಡಿಸುವುದು ಇಲ್ಲಿಂದ, ಅಲ್ಲಿ ಅದು ಬಾಗಿಲು, ಬುರುಜು, ಮಹಡಿ ಇರುವ ದೊಡ್ಡ ಕೋಟೆ. ನಿಜವಾದ ಕಾನೆದಾ ಅದಕ್ಕಿಂತ ಆರು ನೂರು ವರ್ಷ ಹಳೆಯದು. ಕೊರಿಯಾದಲ್ಲಿ 663ರ ಯುದ್ಧ ಸೋತ ಜಪಾನೀಯರು ಶತ್ರು ಹಿಂದೆಯೇ ಬಂದಾನು ಎಂದು ಹೆದರಿ 667ರಲ್ಲಿ ಕಟ್ಟಿಸಿದ್ದು. ಕಾವಲಿಗೆ ದೂರದ ಪೂರ್ವ ಜಪಾನಿನಿಂದ ರೈತರ ಮಕ್ಕಳನ್ನು ಕರೆತಂದು ಈ ಗುಡ್ಡದ ಮೇಲೆ ಇರಿಸಿದ್ದರು. ಈಗ ಮಹಡಿಯೂ ಇಲ್ಲ, ಮಾಡೂ ಇಲ್ಲ. ಕಾಡಿನೊಳಗೆ ಎರಡು ಕಿಲೋಮೀಟರಿಗೂ ಉದ್ದದ ಕಲ್ಲಿನ ಗೋಡೆ, ಗಾರೆ ಹಾಕದೆ ಒಂದರ ಮೇಲೊಂದು ಪೇರಿಸಿದ್ದು. ಅದರ ನಡುವೆ, ರಷ್ಯಾ ಜೊತೆಗಿನ ಯುದ್ಧದ ಕಾಲಕ್ಕೆ ಸೈನ್ಯದವರು ತೋಪು ಕೂರಿಸಲು ಮಾಡಿದ ಕಟ್ಟೆಗಳ ಪಳೆಯುಳಿಕೆ. ಒಂದೇ ಗುಡ್ಡದ ಮೇಲೆ, ಒಂದೇ ದಿಕ್ಕಿಗೆ ಮುಖ ಮಾಡಿ, ಸಾವಿರದ ಇನ್ನೂರು ವರ್ಷದ ಅಂತರದಲ್ಲಿ ಎರಡು ಸಲ ಕಾವಲು ಕೂತಿದ್ದಾರೆ. ಗುಡ್ಡ 276 ಮೀಟರ್, ಹತ್ತಲು ಒಂದು ಗಂಟೆ ಇಟ್ಟುಕೊಳ್ಳಿ. ಕವಲೇದುರ್ಗ ಹತ್ತಿ ಇಳಿಯುವ ಕಾಲಿಗೆ ಇದು ಕಷ್ಟವೇ ಅಲ್ಲ. ತುದಿಯಿಂದ ಅಸೋ ಕೊಲ್ಲಿ ಕಾಣುತ್ತದೆ: ಮುಳುಗಿದ ಕಣಿವೆಗಳೊಳಗೆ ಕಡಲು ನುಗ್ಗಿ, ಗುಡ್ಡದ ತಲೆಗಳಷ್ಟೇ ದ್ವೀಪಗಳಾಗಿ ಉಳಿದಿವೆ. ಲಿಂಗನಮಕ್ಕಿ ಹಿನ್ನೀರು ಕಂಡು ಬೆಳೆದ ಸಾಗರದವರಾದರೆ ಒಂದು ಗಳಿಗೆ ಸುಮ್ಮನೆ ಕೂತೇ ಬಿಡುತ್ತಾರೆ. ದಾರಿ ಬಿಟ್ಟು ಹುಲ್ಲು, ಪೊದೆಗೆ ಕೈ ಹಾಕಬೇಡಿ. ಆ ದ್ವೀಪಕ್ಕೇ ಮೀಸಲಾದ ಒಂದು ಜಾತಿಯ ಮಂಡಲದ ಹಾವಿದೆ, ವಿಷದ್ದು.

ಇನ್ನು ಎಲ್ಲರೂ ಕೇಳುವ, ಕಡಲೊಳಗೆ ಕಮಾನು ನಿಂತ ವಾತಾತ್ಸುಮಿ ದೇವಸ್ಥಾನ. ಇದರ ಕಥೆ ನಿಮ್ಮ ಅಪ್ಪನಿಗೂ ಹೇಳಿ. 2020ರ ಸೆಪ್ಟೆಂಬರಿನಲ್ಲಿ, ಗೇಮ್ ಬಂದು ಎರಡು ತಿಂಗಳೂ ಆಗಿರಲಿಲ್ಲ, ಚಂಡಮಾರುತಕ್ಕೆ ನೀರಿನಲ್ಲಿದ್ದ ಕಮಾನೊಂದು ಉರುಳಿಬಿತ್ತು. ಅರ್ಚಕರು ಆನ್‌ಲೈನಿನಲ್ಲಿ 50 ಲಕ್ಷ ಯೆನ್ ಕೇಳಿದರು. ಬಂದದ್ದು 2 ಕೋಟಿ 70 ಲಕ್ಷಕ್ಕೂ ಮೇಲೆ, ಕೊಟ್ಟವರಲ್ಲಿ ನಿಮ್ಮ ಹಾಗೆ ಗೇಮ್ ಆಡಿದವರೇ ಬಹಳ. ಮರುವರ್ಷ ಕಮಾನು ಎದ್ದಿತು. ಗೇಮಿನ ಇಬ್ಬರು ನಿರ್ದೇಶಕರು, ನೇಟ್ ಫಾಕ್ಸ್ ಮತ್ತು ಜೇಸನ್ ಕಾನೆಲ್, ಇವರನ್ನು ತ್ಸುಷಿಮಾ ನಗರಾಡಳಿತ 2021ರಲ್ಲಿ ದ್ವೀಪದ ಪ್ರವಾಸ ರಾಯಭಾರಿಗಳನ್ನಾಗಿ ಮಾಡಿತು. ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆಮೇಲೆ ಬಂದ ಜನರಲ್ಲಿ ಕೆಲವರ ನಡತೆ ಹೇಗಿತ್ತೆಂದರೆ, 2025ರಲ್ಲಿ ದೇವಸ್ಥಾನದವರೇ "ಪೂಜೆಗೆ ಬರುವವರು ಮಾತ್ರ ಬನ್ನಿ, ಪ್ರವಾಸಿಗಳು ಬೇಡ, ಫೋಟೋ ಬೇಡ" ಎಂದು ಪ್ರಕಟಿಸಿದರು. ನಮ್ಮೂರಿನ ಚೌಡಿ ಬನದೊಳಗೆ ಯಾರೋ ಚಪ್ಪಲಿ ಕಾಲಲ್ಲಿ ನಿಂತು ರೀಲ್ಸ್ ಮಾಡಿದರೆ ನಾವು ಏನು ಮಾಡುತ್ತಿದ್ದೆವೋ ಅದನ್ನೇ ಅವರೂ ಮಾಡಿದ್ದಾರೆ. ಹೋಗುವ ಮೊದಲು ಇಝುಹಾರಾದ ಪ್ರವಾಸ ಮಾಹಿತಿ ಕೇಂದ್ರದಲ್ಲಿ ಈಗಿನ ನಿಯಮ ಕೇಳಿಕೊಳ್ಳಿ. ಕೈಮುಗಿಯುವ ಮನಸ್ಸಿದ್ದರೆ ಕ್ಯಾಮೆರಾ ಕಾರಿನಲ್ಲೇ ಬಿಟ್ಟು ಹೋಗಿ. ಫೋಟೋಕ್ಕೇ ಹೋಗುವುದಾದರೆ ಅದೇ ರಸ್ತೆಯಲ್ಲಿ ಮುಂದೆ ಮೇಲಕ್ಕೆ ಹೋದರೆ ಎಬೋಷಿದಾಕೆ ಎಂಬ ವೀಕ್ಷಣಾ ಸ್ಥಳ ಇದೆ, 176 ಮೀಟರ್, ಕೊಲ್ಲಿ ನಾಲ್ಕೂ ದಿಕ್ಕಿಗೆ ಕಾಣುತ್ತದೆ. ಎಷ್ಟು ಬೇಕಾದರೂ ತೆಗೆಯಿರಿ.

ಈಗ ಗೇಮಿನಲ್ಲಿ ಇಲ್ಲದ್ದಕ್ಕೆ ಬರುತ್ತೇನೆ. ದ್ವೀಪದಲ್ಲಿ ಕಾರು ಓಡಿಸುವಾಗ ಗುಡ್ಡದ ಬುಡದಲ್ಲಿ, ಗದ್ದೆ ಅಂಚಿನಲ್ಲಿ, ಮನೆ ಹಿತ್ತಿಲಲ್ಲಿ ನೆಟ್ಟಗೆ ನಿಲ್ಲಿಸಿದ ಮರದ ದಿಮ್ಮಿಗಳು ಕಾಣುತ್ತವೆ. ಸೊಂಟದೆತ್ತರ, ತಲೆ ಮೇಲೆ ತಗಡಿನ ಮುಚ್ಚಿಗೆ, ಅದು ಹಾರದ ಹಾಗೆ ಒಂದು ಕಲ್ಲು. ಮೊದಲ ಸಲ ಕಂಡಾಗ ಏನೋ ಸಣ್ಣ ದೈವದ ಕಲ್ಲಿನ ಹಾಗಿನದು ಅಂದುಕೊಂಡು ಕಾರು ನಿಲ್ಲಿಸಿದೆ. ಹತ್ತಿರ ಹೋದರೆ ದಿಮ್ಮಿಯ ಹೊಟ್ಟೆ ಪೊಳ್ಳು ಕೊರೆದದ್ದು, ಬದಿಯಲ್ಲಿ ಬೆರಳು ತೂರದಷ್ಟು ಸಣ್ಣ ಸೀಳು, ಸೀಳಿನ ಅಂಚು ಓಡಾಟಕ್ಕೆ ಎಣ್ಣೆ ಹಚ್ಚಿದ ಹಾಗೆ ಕಪ್ಪಗಾಗಿದೆ. ಬಾಗಿಲಲ್ಲಿ ನಾಲ್ಕಾರು ಜೇನು ತಲೆ ಹೊರಗೆ ಮಾಡಿ ರೆಕ್ಕೆ ಬೀಸುತ್ತಿವೆ. ಕಿವಿ ಇಟ್ಟರೆ ದಿಮ್ಮಿಯೊಳಗೆ ಮೊರೆತ. ಸಾಕ್ಷಾತ್ ನಮ್ಮ ತುಡುವೆ! ಜಪಾನಿನ ನಾಡಜೇನೂ ನಮ್ಮ ತುಡುವೆಯೂ ಒಂದೇ ಪ್ರಭೇದ, ಒಳಜಾತಿ ಮಾತ್ರ ಬೇರೆ. ಅವು ತುಸು ದೊಡ್ಡವು, ಚಳಿಗೆ ಒಗ್ಗಿದವು. ಈ ದ್ವೀಪದವರು ಯುರೋಪಿನ ಜೇನನ್ನು ತಂದು ಸಾಕದೆ ನಾಡಜೇನನ್ನೇ ಉಳಿಸಿಕೊಂಡಿದ್ದಾರೆ. ತುಪ್ಪ ತೆಗೆಯುವುದು ವರ್ಷಕ್ಕೊಮ್ಮೆ, ಶರತ್ಕಾಲದಲ್ಲಿ, ಚಳಿಗಾಲಕ್ಕೆ ಹುಳಕ್ಕೂ ಪಾಲು ಬಿಟ್ಟು. ಕೊರಿಯಾ ಕಡೆಯಿಂದ ಬಂದು ನೆಲೆಸಿದ ಹಳದಿ ಕಾಲಿನ ಕಣಜ ಈಗ ಅವರಿಗೆ ದೊಡ್ಡ ತಲೆನೋವು. ನಿಮ್ಮ ತೋಟದಲ್ಲಿ ಜೇನುಪೆಟ್ಟಿಗೆ ಇದ್ದರೆ ಅಲ್ಲಿನವರೊಡನೆ ಮಾತಾಡಲು ಭಾಷೆಯೇ ಬೇಡ, ಫೋನಿನಲ್ಲಿ ಪೆಟ್ಟಿಗೆಯ ಫೋಟೋ ತೋರಿಸಿ ಸಾಕು. ನಾನು ಅಪ್ಪನ ಪೆಟ್ಟಿಗೆ ತೋರಿಸಿದ್ದಕ್ಕೆ ಒಬ್ಬ ಅಜ್ಜಿ ಮನೆಯೊಳಗಿಂದ ಸೌಟು ಸಮೇತ ಭರಣಿ ತಂದರು.

ಹಂದಿ ಕಾಟವೂ ಇದೆ. ಇದನ್ನಂತೂ ಅಪ್ಪನಿಗೆ ಗಟ್ಟಿಯಾಗಿ ಓದಿ. 1700ರಲ್ಲಿ ಸುಯಾಮಾ ತೊತ್ಸುಆನ್ ಎಂಬ ಅಧಿಕಾರಿ, ಬೆಳೆ ಉಳಿಯಬೇಕಾದರೆ ಕಾಡುಹಂದಿ ಇರಬಾರದು ಎಂದು ಇಡೀ ದ್ವೀಪವನ್ನು ಬೇಲಿ ಹಾಕಿ ಭಾಗ ಮಾಡಿಸಿ, ಒಂದೊಂದು ಭಾಗವಾಗಿ ಸೋವಿ, ಒಂಬತ್ತು ವರ್ಷದಲ್ಲಿ ಹಂದಿಯನ್ನು ಇಲ್ಲವಾಗಿಸಿದ. ಆಗ ಜಪಾನನ್ನು ಆಳುತ್ತಿದ್ದ ಷೋಗನ್ ನಾಯಿಗೆ ಏಟು ಬಿದ್ದರೂ ಶಿಕ್ಷೆ ಕೊಡುತ್ತಿದ್ದ ಕಾಲ ಅದು, ಈತನಿಗೆ ತಲೆ ಹೋಗುವ ಅಪಾಯವಿತ್ತು. ಈಗ ಹಂದಿ ಮತ್ತೆ ಬಂದಿವೆ, ಜಿಂಕೆಯೂ ವಿಪರೀತ. ಗದ್ದೆ ಸುತ್ತ ತಂತಿ ಬೇಲಿ ನೋಡಿದರೆ ಹೊಸನಗರಕ್ಕೇ ಬಂದ ಹಾಗಾಗುತ್ತದೆ. ಈ ಕಾಡಿನಲ್ಲೇ ತ್ಸುಷಿಮಾದ ಕಾಡುಬೆಕ್ಕೂ ಇದೆ, ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಗುಂಪು, ಉಳಿದಿರುವುದು ನೂರರ ಆಸುಪಾಸು. ರಾತ್ರಿ ರಸ್ತೆ ದಾಟುವಾಗ ವಾಹನಕ್ಕೆ ಸಿಕ್ಕಿ ಸಾಯುತ್ತವೆ. ರಸ್ತೆ ಬದಿ ಬೆಕ್ಕಿನ ಚಿತ್ರದ ಹಳದಿ ಫಲಕ ಕಂಡರೆ ವೇಗ ತಗ್ಗಿಸಿ. ಬೆಕ್ಕನ್ನು ನೋಡಲೇಬೇಕೆಂದರೆ ಉತ್ತರದ ತುದಿಯ ವನ್ಯಜೀವಿ ಕೇಂದ್ರಕ್ಕೆ ಹೋಗಿ. ಗೇಮಿನ ಕುದುರೆ ನೆನಪಾದರೆ ಮೆಬೊರೊ ಅಣೆಕಟ್ಟಿನ ಹತ್ತಿರ ದ್ವೀಪದ ಸ್ವಂತ ತಳಿಯ ಕುದುರೆಗಳಿವೆ; ಗಿಡ್ಡ, ಸಾಧು, ಹಿಂದೆ ಗುಡ್ಡದಿಂದ ಸೌದೆ ಹೊತ್ತು ಇಳಿಸುತ್ತಿದ್ದವು. ಸಮುರಾಯಿ ಗತ್ತು ನಿರೀಕ್ಷಿಸಬೇಡಿ.

ಹೋಗುವ ಬಗೆ ಹೇಳಿ ಮುಗಿಸುತ್ತೇನೆ. ವೀಸಾ ಅರ್ಜಿ ಬೆಂಗಳೂರಿನ ಕೇಂದ್ರದಲ್ಲಿ. ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ಯಾವ ದಿನ ಎಲ್ಲಿರುತ್ತೀರಿ ಎಂಬ ಪಟ್ಟಿ ಕೇಳುತ್ತಾರೆ. ನಿಮ್ಮ ಕಂಪ್ಯೂಟರ್ ಕೆಲಸದ ರಿಟರ್ನ್ ಇಲ್ಲಿ ಉಪಯೋಗಕ್ಕೆ ಬರುತ್ತದೆ, ಬರೀ ತೋಟದ ಲೆಕ್ಕ ತೋರಿಸಿ ವಾದಿಸಬೇಡಿ. ಬ್ಯಾಂಕಾಕ್, ಸಿಂಗಪುರ ಅಥವಾ ಹಾಂಗ್‌ಕಾಂಗಿನಲ್ಲಿ ವಿಮಾನ ಬದಲಿಸಿ ನೇರ ಫುಕುವೋಕಾಕ್ಕೆ ಇಳಿಯಿರಿ. ಟೋಕಿಯೋ ಕಡೆಯಿಂದ ಬರುವುದು ತ್ಸುಷಿಮಾಕ್ಕೆ ಸುತ್ತು. ಎಲ್ಲರೂ ಹೇಳುವ ಜೆಆರ್ ರೈಲು ಪಾಸ್ ತಗೊಳ್ಳಬೇಡಿ. 2023ರ ಅಕ್ಟೋಬರಿನಲ್ಲೇ ಏಳು ದಿನದ ಪಾಸಿನ ದರ 50,000 ಯೆನ್‌ಗೆ ಏರಿತು, ಮತ್ತು ತ್ಸುಷಿಮಾದಲ್ಲಿ ರೈಲೇ ಇಲ್ಲ. ಫುಕುವೋಕಾದ ಹಕಾತಾ ಬಂದರಿನಿಂದ ಜೆಟ್‌ಫಾಯಿಲ್ ಎಂಬ ವೇಗದ ದೋಣಿ ಇಝುಹಾರಾಕ್ಕೆ ಎರಡೂಕಾಲು ಗಂಟೆಯ ಹಾದಿ. ದೊಡ್ಡ ಹಡಗಾದರೆ ಐದು ಗಂಟೆಗೆ ತುಸು ಕಮ್ಮಿ, ದರವೂ ಕಮ್ಮಿ, ಹಾಲ್‌ನಲ್ಲಿ ಕಂಬಳಿ ಹೊದ್ದು ಕಾಲು ಚಾಚಿ ಮಲಗಬಹುದು. ವಿಮಾನವೂ ಇದೆ, ಅರ್ಧ ಗಂಟೆ. ನಾನು ದೊಡ್ಡ ಹಡಗಿನ ಪಕ್ಷ. ಗಾಳಿ ಜೋರಾದರೆ ದೋಣಿ ರದ್ದಾಗುತ್ತದೆ, ವಾಪಸ್ ಬರುವಾಗ ಒಂದು ದಿನ ಕೈಯಲ್ಲಿ ಉಳಿಸಿಕೊಂಡಿರಿ. ಹೋಗುವಾಗಲೇ ರದ್ದಾಯಿತೋ, ಬೇಜಾರು ಬೇಡ. ಮಂಗೋಲರ ಎರಡನೆಯ ದಾಳಿಗೆ ಹೆದರಿ 1276ರಲ್ಲಿ ಹಕಾತಾ ಕೊಲ್ಲಿಯುದ್ದಕ್ಕೂ ಸುಮಾರು 20 ಕಿಲೋಮೀಟರ್ ಕಟ್ಟಿದ ಕಲ್ಲಿನ ತಡೆಗೋಡೆ ಫುಕುವೋಕಾದಲ್ಲೇ ಅಲ್ಲಲ್ಲಿ ಉಳಿದಿದೆ. ಇಮಾಜುವಿನ ಪೈನ್ ತೋಪಿನೊಳಗಿನ ತುಂಡು ಎಲ್ಲಕ್ಕಿಂತ ಚೆನ್ನಾಗಿದೆ.

ದ್ವೀಪದಲ್ಲಿ ಬಸ್ಸು ಅಪರೂಪ, ಬಾಡಿಗೆ ಕಾರೇ ಗತಿ. ಶಿವಮೊಗ್ಗ ಆರ್‌ಟಿಓದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ, ಒಂದು ವರ್ಷ ನಡೆಯುತ್ತದೆ, ಜಪಾನಿನಲ್ಲಿ ಒಪ್ಪುತ್ತಾರೆ. ಆ ಪರವಾನಗಿಯ ಪುಸ್ತಕ, ಮೂಲ ಲೈಸೆನ್ಸ್, ಪಾಸ್‌ಪೋರ್ಟ್ ಮೂರೂ ಕೈಯಲ್ಲಿರಲಿ. ಫೋನಿನಲ್ಲಿ ಫೋಟೋ ತೋರಿಸಿದ ಒಬ್ಬರನ್ನು ನನ್ನ ಕಣ್ಣೆದುರೇ ಕೌಂಟರಿನವರು ನಗುನಗುತ್ತಲೇ ವಾಪಸ್ ಕಳಿಸಿದರು. ಅಲ್ಲೂ ಎಡಗಡೆ ಓಡಾಟ. ರಸ್ತೆ ಸಪೂರ, ತಿರುವು ಜಾಸ್ತಿ, ಆಗುಂಬೆ ಘಾಟಿ ಇಳಿಸಿದವರಿಗೆ ಹೊಸದಲ್ಲ. ಸಣ್ಣ ಕಾರನ್ನೇ ಕೇಳಿ.

ಕಾಲ ಯಾವುದು ಎಂದರೆ, ನಿಮಗಂತೂ ಮೇ ಎರಡನೇ ವಾರ. ಏಪ್ರಿಲ್ ಕೊನೆಯಿಂದ ಮೇ 5ರವರೆಗೆ ಜಪಾನಿನವರಿಗೇ ಸಾಲು ರಜೆ, ಎಲ್ಲೂ ಜಾಗ ಸಿಗುವುದಿಲ್ಲ. ಜೂನ್‌ನಲ್ಲಿ ಅಲ್ಲೂ ಮಳೆ ಹಿಡಿಯುತ್ತದೆ. ಶರತ್ಕಾಲ ಚಂದವೇ, ಆದರೆ ಚಂಡಮಾರುತದ ಭಯ ಒಂದು, ನಿಮ್ಮ ಕೊನೆ ಕೊಯ್ಲು ಇನ್ನೊಂದು. ಮೇಯಲ್ಲಿ ಹೋಗಿ, ತೋಟಕ್ಕೆ ಬೋರ್ಡೋ ಮದ್ದು ಹೊಡೆಯುವ ಹೊತ್ತಿಗೆ ಊರಲ್ಲಿದ್ದರೆ ಅಪ್ಪನ ಅರ್ಧ ಕೋಪ ಇಳಿದಿರುತ್ತದೆ.

ಊಟ ಕಷ್ಟ, ಸುಳ್ಳು ಹೇಳುವುದಿಲ್ಲ. ತರಕಾರಿಯಂತೆ ಕಂಡ ಸಾರಿನಲ್ಲೂ ಒಣಮೀನಿನ ನೀರು ಇರುತ್ತದೆ. "ಮಾಂಸ, ಮೀನು, ಮೀನಿನ ಸಾರು ಬೇಡ" ಎಂದು ಜಪಾನಿಯಲ್ಲಿ ಬರೆಸಿದ ಚೀಟಿ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಸಿಗುವ ಅನ್ನದುಂಡೆಯಲ್ಲಿ ಉಪ್ಪುಹಾಕಿದ ಹುಳಿಹಣ್ಣಿನದನ್ನು ನೋಡಿ ತಗೊಳ್ಳಿ, ಹಿಂದಿನ ಅಚ್ಚನ್ನು ಫೋನಿನಲ್ಲಿ ಅನುವಾದಿಸಿ ಓದಿ. ತೋಫು ಎಲ್ಲೆಡೆ. ದ್ವೀಪದಲ್ಲಿ ಓಕ್ ದಿಮ್ಮಿಯ ಮೇಲೆ ಬೆಳೆಸುವ ಶಿಟಾಕೆ ಅಣಬೆ ದಪ್ಪ, ಬೆಣ್ಣೆಯಲ್ಲಿ ಹುರಿದು ಕೊಡಿ ಎಂದರೆ ಕೊಡುತ್ತಾರೆ. ಅಲ್ಲಿನ ಸೋಬಾ ಶಾವಿಗೆಗೂ ಹೆಸರಿದೆ; ಅದ್ದಿ ತಿನ್ನುವ ಸಾರು ಮಾತ್ರ ಮೀನಿನದು. ನಾನು ಸಾರು ಪಕ್ಕಕ್ಕಿಟ್ಟು ಚಟ್ನಿಪುಡಿ ಕಲಸಿ ತಿಂದೆ. ಅಂಗಡಿ ಯಜಮಾನ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನೀರು ತರಲು ಓಡಿದ.

ಪ್ರಶ್ನೆ: ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. 'ಪರ್ಸೋನಾ 5' ಎಂಬ ಗೇಮಿನ ಬೀದಿಗಳನ್ನು ನೋಡಲು ಒಬ್ಬಳೇ ಟೋಕಿಯೋಗೆ ಹೋಗುತ್ತಾಳಂತೆ. ಕಳಿಸಬಹುದಾ?
— ಒಬ್ಬ ತಾಯಿ, ಸಾಗರ

ಉತ್ತರ: ಕಳಿಸಿ ಮೇಡಂ. ನಿಮ್ಮ ಮಗಳ ಆಯ್ಕೆ ಜಾಣತನದ್ದು. ತ್ಸುಷಿಮಾದ ಹಾಗಲ್ಲ, ಅಲ್ಲಿ ಗೇಮಿಗೂ ಬೀದಿಗೂ ಹೊಂದಾಣಿಕೆ ಬಹಳ. ಗೇಮಿನ ಹುಡುಗ ಇರುವ 'ಯೊಂಗೆನ್‌ಜಾಯಾ' ಎಂದರೆ ಟೋಕಿಯೋದ ಸಂಗೆನ್‌ಜಾಯಾ, ಶಿಬುಯಾದಿಂದ ರೈಲಿನಲ್ಲಿ ಎರಡನೇ ನಿಲ್ದಾಣ. ಎರಡು ದೊಡ್ಡ ರಸ್ತೆಗಳ ನಡುವಿನ ಮುಕ್ಕೋಣದಲ್ಲಿ ಇಬ್ಬರು ಎದುರಾದರೆ ಒಬ್ಬರು ಓರೆಯಾಗಬೇಕಾದ ಗಲ್ಲಿಗಳು, ಪುಟ್ಟ ಪುಟ್ಟ ಹೋಟೆಲುಗಳು. ಅವು ಜನ ವಾಸಿಸುವ ಬೀದಿಗಳೂ ಹೌದು, ಕಿಟಕಿಗೆ ಕ್ಯಾಮೆರಾ ಹಿಡಿಯಬಾರದು ಎಂದು ಹೇಳಿ. ಬೆಳಗಿನ ನೂಕುನುಗ್ಗಲಿನಲ್ಲಿ ಹೆಂಗಸರಿಗೇ ಮೀಸಲಾದ ಬೋಗಿ ಇರುತ್ತದೆ, ಪ್ಲಾಟ್‌ಫಾರ್ಮಿನ ನೆಲದಲ್ಲೇ ಗುರುತು. ಪೊಲೀಸರಿಗೆ 110, ಆಂಬುಲೆನ್ಸಿಗೆ 119. 'ಯಕೂಝಾ' ಗೇಮಿನ ಕಮುರೊಚೋ ಕೂಡ ನೋಡುತ್ತೇನೆ ಎಂದರೆ, ಅದು ಶಿಂಜುಕುವಿನ ಕಬುಕಿಚೋ ಬಡಾವಣೆ. ಸಂಜೆ ದೀಪ ನೋಡಿ ಬರಲಿ, ಆದರೆ ಬೀದಿಯಲ್ಲಿ ನಿಂತು ಬಾರಿಗೆ ಕರೆಯುವವರ ಹಿಂದೆ ಯಾವ ಕಾರಣಕ್ಕೂ ಹೋಗಬಾರದು. ಬಿಲ್ಲು ನೋಡಿದರೆ ಎದೆ ಒಡೆಯುತ್ತದೆ.

ಪ್ರಶ್ನೆ: ನನಗೀಗ ನಲವತ್ತೈದು. ಮಾವ ವಿದೇಶದಿಂದ ತಂದ ಡ್ರೀಮ್‌ಕಾಸ್ಟ್‌ನಲ್ಲಿ 'ಶೆನ್ಮು' ಆಡಿದ್ದೆ. ಆ ಊರು ಇದೆಯಾ?
— ಆರ್., ಭದ್ರಾವತಿ

ಉತ್ತರ: ಇದೆ. ಯೊಕೊಸುಕಾ, ಟೋಕಿಯೋದ ಶಿನಾಗಾವಾದಿಂದ ರೈಲಿನಲ್ಲಿ ಒಂದು ಗಂಟೆಯೂ ಬೇಡ. 1999ರ ಕೊನೆಗೆ ಬಂದ ಗೇಮು ತೋರಿಸುವುದು 1986ರ ಊರನ್ನು, ಹಾಗಾಗಿ ನೀವು ಹುಡುಕುವುದು ಹಳೆಯದರಲ್ಲೂ ಹಳೆಯದು. ದೊಬುಇತಾ ಬೀದಿ ಇನ್ನೂ ಹಾಗೇ ಗಿಜಿಗುಡುತ್ತದೆ. ಪಕ್ಕದಲ್ಲೇ ಅಮೆರಿಕದ ನೌಕಾನೆಲೆ, ಬೆನ್ನಿಗೆ ಹುಲಿ, ಡ್ರ್ಯಾಗನ್ ಕಸೂತಿ ಹಾಕಿದ ರೇಷ್ಮೆ ಜಾಕೆಟ್ ಮಾರುವ ಅಂಗಡಿಗಳು. ಗೇಮಿನ ಜಾಗಗಳನ್ನು ಗುರುತಿಸಿದ ನಕ್ಷೆಯನ್ನು ಅಲ್ಲಿನವರೇ ಮಾಡಿಟ್ಟಿದ್ದಾರೆ, ಕೇಳಿ ತಗೊಳ್ಳಿ. ಹಾಗೇ ನಡೆದು ಹೋಗಿ ಮಿಕಾಸಾ ಯುದ್ಧನೌಕೆ ನೋಡಿ. 1905ರಲ್ಲಿ ರಷ್ಯಾದ ನೌಕಾಪಡೆಯನ್ನು ಮುಳುಗಿಸಿದ ತೋಗೋ ಅವರ ಹಡಗು ಅದು, ಆ ಕದನ ನಡೆದದ್ದು ಮೇಲಿನ ಪತ್ರದ ತಮ್ಮ ಹೋಗಬೇಕೆಂದಿರುವ ತ್ಸುಷಿಮಾದ ಕಡಲಿನಲ್ಲೇ. ಗೇಮಿನ ಹಾಗೆ ಫೋರ್ಕ್‌ಲಿಫ್ಟ್ ಓಡಿಸುವ ಆಸೆ ಇದ್ದರೆ ಭದ್ರಾವತಿಯಲ್ಲೇ ವಿಚಾರಿಸಿ.

ಪ್ರಶ್ನೆ: 'ಘೋಸ್ಟ್ ಆಫ್ ಯೋತೆಯ್' ಬಂದಿದೆಯಲ್ಲ, ಆ ಬೆಟ್ಟ ಹತ್ತಬಹುದಾ?
— ಕೆ., ಹೊಸನಗರ

ಉತ್ತರ: ಬೇಸಿಗೆಯಲ್ಲಿ ಹತ್ತಬಹುದು. ಹೊಕ್ಕೈದೋ ದ್ವೀಪದಲ್ಲಿ, 1,898 ಮೀಟರ್, ಕೊಡಚಾದ್ರಿಗಿಂತ ಐನೂರು ಮೀಟರಿಗೂ ಹೆಚ್ಚು ಎತ್ತರ. ಜೀಪು ಹೋಗುವುದಿಲ್ಲ, ಬುಡದಿಂದ ಕಾಲ್ನಡಿಗೆ, ಹತ್ತಿ ಇಳಿಯಲು ಇಡೀ ದಿನ. ಜುಲೈಯಿಂದ ಸೆಪ್ಟೆಂಬರ್ ಒಳಗೆ ಹೋಗಿ. ಬಿಸಿಲು ನೋಡಿ ಮೋಸ ಹೋಗಬೇಡಿ, ಮೇಲೆ ಗಾಳಿಗೆ ಹಲ್ಲು ಕಟಕಟಿಸುತ್ತದೆ. ಹತ್ತಲಾಗದಿದ್ದರೆ ನಿಸೆಕೋ ಕಡೆಯಿಂದ ನೋಡಿ, ನನ್ನ ಮಟ್ಟಿಗೆ ಆ ಬೆಟ್ಟ ದೂರದಿಂದಲೇ ಚಂದ.

ಪ್ರಶ್ನೆ: ನಮ್ಮ ಮಲೆನಾಡನ್ನು ಇಟ್ಟುಕೊಂಡು ಇಂಥದ್ದೇ ಗೇಮ್ ಮಾಡುವುದಾದರೆ ಯಾವ ಜಾಗ ಆರಿಸುತ್ತೀರಿ?
— ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಕವಲೇದುರ್ಗ, ಎರಡನೇ ಮಾತಿಲ್ಲ. ಕಥೆಯೂ ಸಿದ್ಧವಾಗಿದೆ: 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಘಲರಿಂದ ತಪ್ಪಿಸಿಕೊಂಡು ಬಂದಾಗ ಕೆಳದಿಯ ಚೆನ್ನಮ್ಮಾಜಿ ಆಶ್ರಯ ಕೊಟ್ಟಳು, ಔರಂಗಜೇಬನ ಸೈನ್ಯ ಬೆನ್ನಟ್ಟಿ ಬಂತು, ಮಳೆ ಮತ್ತು ಕಾಡು ಅವರನ್ನು ಹಣ್ಣು ಮಾಡಿತು. ಮುಂದಿನದನ್ನು ನೀವು ಬರೆಯಿರಿ. ಗೇಮಿನಲ್ಲಿ ಇಂಬಳ ಇರಲೇಬೇಕು, ಇಲ್ಲದಿದ್ದರೆ ಮಲೆನಾಡಿನವರು ಯಾರೂ ಒಪ್ಪುವುದಿಲ್ಲ. ಹಾಗೇ, ಗೇಮ್ ಬಂದ ಮೇಲೆ ಕೋಟೆಗೆ ಬರುವವರ ಪ್ಲಾಸ್ಟಿಕ್ ಯಾರು ಹೆಕ್ಕುತ್ತಾರೆ ಎಂದೂ ಈಗಲೇ ಯೋಚಿಸಿಡಿ.

ಪ್ರಶ್ನೆ: ಜಪಾನಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯಬಹುದೇ? ಎಲೆ ಅಡಿಕೆ?
— ಎಂ., ಕೊಪ್ಪ

ಉತ್ತರ: ಉಪ್ಪಿನಕಾಯಿ ಧಾರಾಳವಾಗಿ ಒಯ್ಯಿರಿ, ಆದರೆ ಕೈಚೀಲದಲ್ಲಿ ಅಲ್ಲ, ಒಳಗೆ ಹಾಕುವ ಪೆಟ್ಟಿಗೆಯಲ್ಲಿ, ರಸ ಇರುವುದರಿಂದ ಭದ್ರತಾ ತಪಾಸಣೆಯಲ್ಲಿ ಕಸಿದುಕೊಳ್ಳುತ್ತಾರೆ. ಎರಡು ಪ್ಲಾಸ್ಟಿಕ್ ಚೀಲ ಸುತ್ತಿ, ಬಟ್ಟೆಯಿಂದ ದೂರ ಇಡಿ. ಹಸಿ ವೀಳ್ಯದೆಲೆ, ಹಸಿ ಕರಿಬೇವು, ಹಣ್ಣು ಬೇಡ, ಸಸ್ಯ ತಪಾಸಣೆಯ ಪ್ರಮಾಣಪತ್ರ ಇಲ್ಲದೆ ಒಳಗೆ ಬಿಡುವುದಿಲ್ಲ. ಎಲೆಯ ಚಟ ಇದ್ದವರು ಅಷ್ಟು ದಿನ ಬಿಡಬೇಕು. ಅಲ್ಲಿ ಉಗುಳಲು ಜಾಗವೂ ಇಲ್ಲ.